ಕಾಲಂ ಇಲ್ಲದ 42 ಮಂದಿ

2022ರ ಜೂನ್‌ನಲ್ಲಿ ಒಂದು ಬೀರುವಿನ ಕೀಲಿ ಮತ್ತು ಎರಡು ಪೆನ್‌ಡ್ರೈವ್ ನನ್ನ ಕೈಸೇರಿದವು. ವರ್ಗಾವಣೆಯಾಗಿ ಹೊರಟಿದ್ದ ಸಹೋದ್ಯೋಗಿ ಅವನ್ನು ಮೇಜಿನ ಮೇಲಿಟ್ಟು, "ಎಲ್ಲಾ ಇದರಲ್ಲೇ ಇದೆ ಮೇಡಂ, ನಿಮಗೇನೂ ತೊಂದ್ರೆ ಆಗಲ್ಲ" ಎಂದು ನಗುತ್ತಾ ಹೋದರು. ಆ ನಗುವಿನ ಅರ್ಥ ಬಿಡಿಸಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಒಂದು ಪೆನ್‌ಡ್ರೈವ್ ತೆರೆದುಕೊಳ್ಳಲೇ ಇಲ್ಲ. ಇನ್ನೊಂದರಲ್ಲಿ 'ಫೈನಲ್', 'ಫೈನಲ್ ಹೊಸದು', 'ಇದೇ ಫೈನಲ್' ಎಂಬ ಮೂರು ಫೋಲ್ಡರ್. ಮೂರರಲ್ಲೂ ಇದ್ದದ್ದು ಎಲ್ಲಿಂದಲೋ ಇಳಿಸಿಕೊಂಡ ಬೇರೊಂದು ಕಾಲೇಜಿನ ವರದಿ. ಅದರಲ್ಲಿ ಅರ್ಧ ಕಡೆ ಆ ಹೆಸರು ಅಳಿಸಿ ನಮ್ಮ ಹೆಸರು ಹಾಕಿದ್ದರು, ಉಳಿದರ್ಧ ಹಾಗೇ ಇತ್ತು.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ಬಿಎ, ಬಿಕಾಂ ಎರಡೇ ಕೋರ್ಸು. ಸುಮಾರು 650 ಮಕ್ಕಳು, ಅರ್ಧಕ್ಕಿಂತ ಹೆಚ್ಚು ಹುಡುಗಿಯರು, ಬಹುಪಾಲು ಎಲ್ಲರೂ ಬಸ್ಸಿನಲ್ಲಿ ಬಂದು ಹೋಗುವವರು. ಹಿಂದಿನ ಸಲ ನ್ಯಾಕ್‌ನಿಂದ ಬಿ ಗ್ರೇಡ್ ಬಂದಿತ್ತು. ಗ್ರೇಡಿನ ಆಯುಸ್ಸು ಐದು ವರ್ಷ, ಅದು ಮುಗಿಯುತ್ತಾ ಬಂದಿತ್ತು. "ನೀವು ಅರ್ಥಶಾಸ್ತ್ರದವರು, ಅಂಕಿಅಂಶ ನಿಮಗೆ ನೀರು ಕುಡಿದಷ್ಟು ಸಲೀಸು" ಎಂದು ಹೇಳಿ ಪ್ರಿನ್ಸಿಪಾಲರು ಐಕ್ಯೂಎಸಿ ಸಂಚಾಲಕಿಯ ಕೆಲಸವನ್ನು ನನಗೆ ಗಂಟುಹಾಕಿದರು. ಐಕ್ಯೂಎಸಿ ಎಂದರೆ ಆಂತರಿಕ ಗುಣಮಟ್ಟ ಖಾತರಿ ಕೋಶ. ಕೋಶ ಎನ್ನುವಂಥದ್ದೇನೂ ಇರಲಿಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕಂಪ್ಯೂಟರು, ಗೋಡೆಗೊಂದು ಬೋರ್ಡು, ಆ ಬೀರು, ಇಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತು. ನ್ಯಾಕ್ ಎನ್ನುವುದು 1994ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹುಟ್ಟುಹಾಕಿದ ಸ್ವಾಯತ್ತ ಸಂಸ್ಥೆ, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಕಾಲೇಜು, ವಿಶ್ವವಿದ್ಯಾಲಯಗಳನ್ನು ಏಳು ಮಾನದಂಡಗಳಲ್ಲಿ ಅಳೆದು, ನಮ್ಮ ಸರದಿಯ ಹೊತ್ತಿಗೆ ಅದು ನಾಲ್ಕಕ್ಕೆ ಇಷ್ಟು ಎಂದು ಸಿಜಿಪಿಎ, ಅಂದರೆ ಒಟ್ಟಾರೆ ಸರಾಸರಿ ಅಂಕ ಕೊಡುತ್ತಿತ್ತು. 3.51 ಮುಟ್ಟಿದರೆ ಎ++. 2.51ರಿಂದ 2.75ರವರೆಗೆ ಬಿ+. 1.50 ದಾಟದಿದ್ದರೆ ಡಿ, ಅಂದರೆ ಮಾನ್ಯತೆಯೇ ಇಲ್ಲ. ಒಟ್ಟು 1000 ಅಂಕಗಳಲ್ಲಿ ನಮ್ಮಂಥ ಸಂಯೋಜಿತ ಕಾಲೇಜಿಗೆ 350 ಅಂಕ ಇರುವುದು ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ. ವಿಶ್ವವಿದ್ಯಾಲಯಕ್ಕಾದರೆ ಅದು 200, ಸಂಶೋಧನೆಗೇ 250. ಈ ಹಂಚಿಕೆ ನೋಡಿದಾಗ ನನಗೆ ಸಮಾಧಾನವಾಗಿತ್ತು. ಪಾಠ ಮಾಡುವುದೇ ನಮ್ಮ ಕೆಲಸ, ಅದಕ್ಕೇ ಹೆಚ್ಚು ತೂಕ ಕೊಟ್ಟಿದ್ದಾರೆ ಅಂದುಕೊಂಡೆ. ಆಮೇಲೆ ಆ 350ರ ಹೊಟ್ಟೆಯೊಳಗೆ ಏನಿದೆ ಎಂದು ಕೈಪಿಡಿ ಬಿಡಿಸಿ ಓದಿದೆ. ಎಷ್ಟು ಸೀಟು ಭರ್ತಿಯಾಯಿತು, ಮೀಸಲಾತಿಯಲ್ಲಿ ಎಷ್ಟು, ಒಬ್ಬ ಅಧ್ಯಾಪಕರಿಗೆ ಎಷ್ಟು ಮಕ್ಕಳು, ಮಂಜೂರಾದ ಹುದ್ದೆಗಳಲ್ಲಿ ಎಷ್ಟು ತುಂಬಿವೆ, ಪಿಎಚ್‌ಡಿ, ನೆಟ್ ಆದವರು ಎಷ್ಟು, ಕೊನೆಯ ವರ್ಷದಲ್ಲಿ ಎಷ್ಟು ಮಂದಿ ಪಾಸು. ತರಗತಿಯೊಳಗೆ ಪಾಠ ಹೇಗೆ ನಡೆಯುತ್ತದೆ ಎನ್ನುವುದಕ್ಕೂ ಜಾಗ ಇದೆ, ಪದಮಿತಿಯೊಳಗೆ ನಾವೇ ಬರೆದು ಕೊಡಬೇಕಾದ ಒಂದು ವಿವರಣೆಯಾಗಿ.

2017ರ ಜುಲೈನಲ್ಲಿ ವಿಧಾನ ಬದಲಾದ ಮೇಲೆ ಮೌಲ್ಯಮಾಪನದ ಸುಮಾರು ನೂರಕ್ಕೆ 70 ಭಾಗ ಅಂಕಿಸಂಖ್ಯೆಗಳ ಮೇಲೆ ನಿಂತಿತ್ತು. ನಾವು ಆನ್‌ಲೈನ್‌ನಲ್ಲಿ ತುಂಬುತ್ತಿದ್ದೆವು, ಹೊರಗಿನವರು ಪರಿಶೀಲಿಸುತ್ತಿದ್ದರು. ಉಳಿದ ಭಾಗವನ್ನು ಪೀರ್ ಟೀಮ್, ಅಂದರೆ ನ್ಯಾಕ್ ಕಳಿಸುವ ಹೊರಗಿನ ತಜ್ಞರ ತಂಡ, ಖುದ್ದಾಗಿ ಬಂದು ನೋಡಿ ಅಂಕ ಕೊಡುತ್ತಿತ್ತು. ಬಂದವರ ಮರ್ಜಿಗೆ ಎಲ್ಲವನ್ನೂ ಬಿಡಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಸ್ಟಾಫ್ ರೂಮಿನಲ್ಲಿ ಅದು 'ಪುರಾವೆ' ಎಂಬ ಒಂದೇ ಪದವಾಗಿ ಕುಳಿತುಬಿಟ್ಟಿತು. ಆರು ತಿಂಗಳು ನಾವು ಗುಣಮಟ್ಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಪುರಾವೆಯ ಬಗ್ಗೆ ದಿನಕ್ಕೆ ಹತ್ತು ಸಲ ಜಗಳವಾಡಿದೆವು.

ಜಿಯೋಟ್ಯಾಗ್ ಫೋಟೋದ, ಅಂದರೆ ತೆಗೆದ ಜಾಗದ ಗುರುತು ಇರುವ ಫೋಟೋದ ಕಥೆ ಹೇಳದೆ ಮುಂದೆ ಹೋಗಲಾರೆ. ನಮಗೆ ಬೇಕಿದ್ದದ್ದು 2017-18ರಿಂದ ಐದು ವರ್ಷದ ದಾಖಲೆ. 2018ರ ಎನ್ಎಸ್ಎಸ್ ಶಿಬಿರದಲ್ಲಿ ಮಕ್ಕಳು ಒಂದು ಹಳೆಯ ಕಲ್ಯಾಣಿಯ ಹೂಳೆತ್ತಿದ್ದು ನಿಜ, ಏಳು ದಿನ ಅಲ್ಲೇ ಉಳಿದಿದ್ದೂ ನಿಜ. ಫೋಟೋಗಳಿದ್ದವು, ಅವುಗಳ ಮೇಲೆ ಅಕ್ಷಾಂಶ ರೇಖಾಂಶ ಇರಲಿಲ್ಲ. "ಮತ್ತೆ ಅಲ್ಲಿಗೇ ಹೋಗಿ ಗುದ್ದಲಿ ಹಿಡಿಸಿ ನಿಲ್ಲಿಸಿದರಾಯ್ತು" ಎಂದರು ಒಬ್ಬರು. ಹೊರಡಲು ಟೆಂಪೋ ಕೂಡ ಗೊತ್ತಾಯಿತು. ಕಚೇರಿಯ ಎಫ್‌ಡಿಎ ತಲೆಯೆತ್ತದೆ ಟೈಪು ಮಾಡುತ್ತಲೇ, "ಆ ಆ್ಯಪ್ ಜಾಗದ ಜೊತೆ ತಾರೀಖನ್ನೂ ಹಾಕುತ್ತೆ ಸರ್" ಅಂದಾಗ ಟೆಂಪೋ ಅಲ್ಲಿಗೇ ನಿಂತಿತು. ನಾವು ಆ ಪಾಪದಿಂದ ಪಾರಾದದ್ದು ನಮ್ಮ ಪ್ರಾಮಾಣಿಕತೆಯಿಂದ ಅಲ್ಲ. ಯಾಕೆಂದರೆ ನಡಾವಳಿ ಪುಸ್ತಕದ ವಿಷಯದಲ್ಲಿ ನಮ್ಮನ್ನು ತಡೆಯುವ ಆ್ಯಪ್ ಇರಲಿಲ್ಲ. ಐಕ್ಯೂಎಸಿ ಸಭೆಗಳು ನಡೆದಿದ್ದವು, ಆದರೆ ನಡಾವಳಿ ಬರೆದಿರಲಿಲ್ಲ. ಎರಡು ವರ್ಷದ ಸಭೆಗಳನ್ನು ಎರಡು ಬಣ್ಣದ ಪೆನ್ನಿನಲ್ಲಿ ಒಂದೇ ಮಧ್ಯಾಹ್ನ ಬರೆದವಳು ನಾನೇ. ಸಹಿಗೆ ಪುಸ್ತಕ ಒಯ್ದಾಗ ಯಾರೂ ಓದಲಿಲ್ಲ, ಎಲ್ಲರೂ ಸಹಿ ಹಾಕಿದರು.

ಅಧ್ಯಾಪಕರ ಲೆಕ್ಕಕ್ಕೆ ಬಂದಾಗ ನಗು ನಿಂತಿತು. ಮಂಜೂರಾದ ಹುದ್ದೆ 22, ಕಾಯಂ ಇರುವವರು 9. ಮಿಕ್ಕ ಪಾಠವೆಲ್ಲ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಪೂರ್ಣಾವಧಿ ಅಧ್ಯಾಪಕರ ಪಟ್ಟಿಯಲ್ಲಿ ಅತಿಥಿಗಳು ಬರುವುದಿಲ್ಲ. ಹಾಗಾಗಿ 650ನ್ನು 9ರಿಂದ ಭಾಗಿಸಿ, ಒಬ್ಬರಿಗೆ 72 ಮಕ್ಕಳು ಎಂದು ಬರೆದೆ. ನಮ್ಮ ಬಿಕಾಂ ಮಕ್ಕಳಿಗೆ ಎಂಟು ವರ್ಷದಿಂದ ಅಕೌಂಟೆನ್ಸಿ ಹೇಳಿಕೊಡುತ್ತಿರುವವರು ಒಬ್ಬ ಅತಿಥಿ ಉಪನ್ಯಾಸಕಿ. ಬೆಳಗ್ಗೆ ಎಂಟೂವರೆಗೇ ಬಂದು, ಬ್ಯಾಲೆನ್ಸ್ ಶೀಟ್ ಕೂಡಿಬರದವರನ್ನು ಕೂರಿಸಿಕೊಂಡು ಲೆಕ್ಕ ಬಿಡಿಸುತ್ತಾರೆ. ಬಿಕಾಂ ಫಲಿತಾಂಶ ಅವರದ್ದು. ಆ ಫಲಿತಾಂಶಕ್ಕೆ ನಮಗೆ ಅಂಕ ಬಂತು, ಅಂಕ ತಂದವರಿಗೆ ಕಾಲಂ ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಈ ಸೂಚಕದಲ್ಲಿ ತಪ್ಪಿಲ್ಲ. 13 ಹುದ್ದೆ ಖಾಲಿ ಇಟ್ಟುಕೊಂಡ ಕಾಲೇಜಿಗೆ ಅಂಕ ಕಡಿಮೆಯಾಗಲೇಬೇಕು. ಆದರೆ ಹುದ್ದೆ ತುಂಬುವ ಅಧಿಕಾರ ನಮ್ಮ ಪ್ರಿನ್ಸಿಪಾಲರಿಗೂ ಇಲ್ಲ, ನನಗೂ ಇಲ್ಲ. ಪರೀಕ್ಷೆ ಬರೆದವರು ಒಬ್ಬರು, ಫೇಲಾಗಬೇಕಾದವರು ಇನ್ನೊಬ್ಬರು.

ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ಎಂಬುದೊಂದಿದೆ. ಮಕ್ಕಳ ಇಮೇಲ್ ಪಟ್ಟಿ ನಾವು ಕೊಡಬೇಕು, ಪ್ರಶ್ನೆಗಳು ನೇರ ಅವರಿಗೇ ಹೋಗುತ್ತವೆ. ಕಾಲೇಜಿನ ಒಟ್ಟು ಮಕ್ಕಳಲ್ಲಿ ನೂರಕ್ಕೆ ಹತ್ತು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಉತ್ತರವಾದರೂ ಬರಬೇಕು. ಪ್ರವೇಶ ಅರ್ಜಿಗಳಿಂದ ಇಮೇಲ್ ಆರಿಸಿ ಎಕ್ಸೆಲ್‌ಗೆ ಹಾಕಿದಾಗ ಒಂದೇ ವಿಳಾಸ 47 ಸಲ ಬಂತು. ಅದು ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನದು. ಅರ್ಜಿ ತುಂಬುವಾಗ ಮಕ್ಕಳಿಗೆ ಇಮೇಲ್ ಇಲ್ಲ ಎಂದು ಅಂಗಡಿಯವನು ತನ್ನದೇ ಹಾಕಿಬಿಟ್ಟಿದ್ದ. ಒಂದು ವಾರ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಇಮೇಲ್ ಮಾಡಿಸಿದ್ದಾಯಿತು. ಪಾಸ್‌ವರ್ಡನ್ನು ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡರು. ಹಲವರಿಗೆ ಆ ಮೂರು ವರ್ಷದಲ್ಲಿ ಕಾಲೇಜು ಕಲಿಸಿದ ಅತ್ಯಂತ ಉಪಯೋಗದ ವಿದ್ಯೆ ಅದೇ ಇರಬಹುದು.

ಲಿಂಕ್ ಬಂದ ದಿನ ಅವರನ್ನು ಮತ್ತೆ ಲ್ಯಾಬಿಗೆ ಕರೆದೆ. ಮೊದಲ ಪ್ರಶ್ನೆಯೇ, ತರಗತಿಯಲ್ಲಿ ಪಠ್ಯದ ಎಷ್ಟು ಭಾಗ ಮುಗಿಸಿದರು ಎಂದು. ನೂರಕ್ಕೆ 85ರ ಮೇಲೆ, 70ರಿಂದ 84, ಹೀಗೆ ಆಯ್ಕೆಗಳು. ಎರಡನೇ ಸಾಲಿನ ಹುಡುಗಿಯೊಬ್ಬಳು ಮೌಸ್ ಹಿಡಿದುಕೊಂಡೇ ತಿರುಗಿ ಕೇಳಿದಳು: "ಮೇಡಂ, ನಿಜ ಬರೀಲಾ, ಕಾಲೇಜಿಗೆ ಒಳ್ಳೇದಾಗೋದು ಬರೀಲಾ?" ಲ್ಯಾಬಿಗೆ ಲ್ಯಾಬೇ ನನ್ನ ಮುಖ ನೋಡಿತು. ಆ ವರ್ಷ ನನ್ನ ಪತ್ರಿಕೆಯಲ್ಲೇ ಕೊನೆಯ ಘಟಕ ಉಳಿದುಹೋಗಿತ್ತು. "ನಾನು ಹೊರಗಿರ್ತೀನಿ, ಮುಗಿದ ಮೇಲೆ ಕರೀರಿ" ಎಂದು ಬಾಗಿಲೆಳೆದುಕೊಂಡು ವರಾಂಡದಲ್ಲಿ ನಿಂತೆ. ಅವಳು ಏನು ಬರೆದಳೋ ಗೊತ್ತಿಲ್ಲ. ಆದರೆ ಕಾಲೇಜಿನ ಗುಣಮಟ್ಟದ ಬಗ್ಗೆ ಆ ಇಡೀ ವರ್ಷದಲ್ಲಿ ಕೇಳಿಬಂದ ಒಳ್ಳೆಯ ಪ್ರಶ್ನೆ ಅದು.

ಇನ್ನು ಫೋನಿನ ಕಥೆ. ಐದನೇ ಮಾನದಂಡದಲ್ಲಿ, ಪದವಿ ಮುಗಿಸಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಿದರು ಎಂದು ಹೇಳಬೇಕು, ದಾಖಲೆ ಸಮೇತ. ನಮ್ಮಲ್ಲಿ ಮಾಹಿತಿಯೇ ಇರಲಿಲ್ಲ. ಟಿಸಿ ಕೊಟ್ಟು ಕಳಿಸಿದ ಮೇಲೆ ಆ ಮಕ್ಕಳು ನಮಗೆ ಸತ್ತಂತೆಯೇ ಎಂದು ಗ್ರಂಥಪಾಲಕರು ಅಂದರು. ಕಟುವಾದ ಮಾತು, ಆದರೂ ನಿಜ. 2018ರಲ್ಲಿ ಸೇರಿ 2021ರಲ್ಲಿ ಹೊರಹೋದ ಬ್ಯಾಚಿನ 198 ಮಂದಿಯ ಪಟ್ಟಿ ಹಿಡಿದು ನಾನು, ಗ್ರಂಥಪಾಲಕರು, ಆ ಅಕೌಂಟೆನ್ಸಿ ಮೇಡಂ ಮೂವರೂ ಸಂಜೆ ಆರರಿಂದ ಎಂಟರವರೆಗೆ ಮೂರು ವಾರ ಫೋನು ಮಾಡಿದೆವು. 57 ನಂಬರು ಚಾಲ್ತಿಯಲ್ಲಿರಲಿಲ್ಲ. ಸಿಕ್ಕವರು 141.

ಮೊದಲು ಎತ್ತಿದ ಹುಡುಗ ನನ್ನ ಹೆಸರು ಕೇಳಿ ಗಾಬರಿಯಾದ. "ಮೇಡಂ, ಫೀಸೇನಾದ್ರೂ ಬಾಕಿ ಇದ್ಯಾ?" ಆಮೇಲೆ ಇದೇ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಸಿಕೊಂಡೆನೆಂದರೆ, ಫೋನ್ ಎತ್ತಿದ ಕೂಡಲೇ "ಫೀಸಿನ ವಿಷಯ ಅಲ್ಲ" ಎಂದು ಶುರುಮಾಡುವುದು ರೂಢಿಯಾಯಿತು. ಕಾಲೇಜು ತಾನಾಗಿ ಫೋನು ಮಾಡುವುದು ಹಣಕ್ಕೆ ಎಂದು ಮೂರು ವರ್ಷದಲ್ಲಿ ನಾವೇ ಅವರಿಗೆ ಕಲಿಸಿದ್ದೆವು.

ಇಬ್ಬರ ಕಥೆ ಪಕ್ಕಪಕ್ಕ ಇಡುತ್ತೇನೆ. ಒಬ್ಬಳು ಬಿಎ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು, ಈಗ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುತ್ತಾಳೆ. ಎಸ್ಸೆಸ್ಸೆಲ್ಸಿ ಆಗದವರಿಗೂ ಅಲ್ಲಿ ಅದೇ ಕೆಲಸ ಸಿಗುತ್ತದೆ, ಅವಳ ಅಕ್ಕ ಹತ್ತನೇ ಕ್ಲಾಸು ಬಿಟ್ಟು ಅದೇ ಕಾರ್ಖಾನೆಗೆ ಸೇರಿದವಳು. "ಅಕ್ಕನಿಗೆ ನನಗಿಂತ ಆರು ವರ್ಷ ಸರ್ವಿಸ್ ಜಾಸ್ತಿ ಮೇಡಂ, ಸಂಬಳಾನೂ ಜಾಸ್ತಿ" ಅಂದಳು. ದೂರಿನ ದನಿಯೇನೂ ಇರಲಿಲ್ಲ. ಗುರುತಿನ ಚೀಟಿಯ ಫೋಟೋ ಕೇಳಿದೆ, ಐದೇ ನಿಮಿಷದಲ್ಲಿ ವಾಟ್ಸ್ಆ್ಯಪ್‌ಗೆ ಬಂತು. ಪಟ್ಟಿಯಲ್ಲಿ ಒಂದು ಅಂಕೆ ಏರಿತು: ಉದ್ಯೋಗ ಪಡೆದವರು.

ಇನ್ನೊಬ್ಬ ಪಿಯುಸಿಯಲ್ಲಿ ನೂರಕ್ಕೆ 41 ತೆಗೆದು ನಮ್ಮಲ್ಲಿಗೆ ಬಂದವನು. ಇಂಗ್ಲಿಷ್ ಎರಡು ಸಲ ಕಟ್ಟಿ ಪಾಸು ಮಾಡಿದ. ಈಗ ಎರಡು ಟಾಟಾ ಏಸ್ ಇಟ್ಟುಕೊಂಡು ತರಕಾರಿ ಮಂಡಿಗೆ ಬಾಡಿಗೆ ಹೊಡೆಯುತ್ತಾನೆ, ಮೂವರಿಗೆ ಸಂಬಳ ಕೊಡುತ್ತಾನೆ. "ಕಾಸ್ಟಿಂಗ್ ಪಾಠ ಇತ್ತಲ್ಲ, ಕಿಲೋಮೀಟರಿಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕೋದು, ಅದನ್ನ ದಿನಾ ಮಾಡ್ತೀನಿ" ಎಂದು ಅಕೌಂಟೆನ್ಸಿ ಮೇಡಂಗೆ ಹೇಳಿದ. ಅವರು ಫೋನಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನ ಬಳಿ ನೇಮಕಾತಿ ಪತ್ರ ಇಲ್ಲ, ಗಾಡಿಗಳು ಅಪ್ಪನ ಹೆಸರಿನಲ್ಲಿವೆ. ಪಟ್ಟಿಗೆ ಏನೂ ಸೇರಲಿಲ್ಲ.

ಆ ಸಂಜೆ ನನಗೆ ವಿಷಯ ಹೊಳೆಯಿತು. ನಾವು ಏನೂ ಮಾಡಲಾಗದೆ ಹೋದವಳು ನಮ್ಮ ಯಶಸ್ಸಾಗಿ ದಾಖಲಾದಳು. ನಮ್ಮ ಪಾಠ ಬದುಕಿಗಿಳಿದವನು ಲೆಕ್ಕದಿಂದಲೇ ಹೊರಗುಳಿದ. ಅಳತೆಗೋಲು ಸುಳ್ಳು ಹೇಳಲಿಲ್ಲ, ಅದು ಎಲ್ಲಿಂದ ಅಳೆಯಲು ಶುರುಮಾಡುತ್ತದೆ ಎನ್ನುವುದೇ ತೊಡಕು. ಮಗು ಒಳಗೆ ಬಂದಾಗ ಎಲ್ಲಿತ್ತು, ಹೊರಗೆ ಹೋಗುವಾಗ ಎಲ್ಲಿಗೆ ತಲುಪಿತ್ತು, ಈ ನಡುವಿನ ದೂರ ಎಲ್ಲೂ ಬರುವುದಿಲ್ಲ. ಪಿಯುಸಿಯಲ್ಲಿ 95 ತೆಗೆದವರನ್ನೇ ಆರಿಸಿ ಸೇರಿಸಿಕೊಳ್ಳುವ ಕಾಲೇಜಿನ ಫಲಿತಾಂಶ ನೂರಕ್ಕೆ ನೂರಾಗುವುದರಲ್ಲಿ ಕಾಲೇಜಿನ ಪಾತ್ರ ಎಷ್ಟು, ಆಯ್ಕೆ ಪಟ್ಟಿಯ ಪಾತ್ರ ಎಷ್ಟು?

ಹುಳ ತಲೆಗೆ ಹೊಕ್ಕ ಮೇಲೆ ಸುಮ್ಮನಿರಲಾಗಲಿಲ್ಲ. ಅದೇ ಬ್ಯಾಚಿನ ಮೊದಲ ವರ್ಷದ ಪ್ರವೇಶ ಪುಸ್ತಕ ತೆಗೆಸಿದೆ. 2018ರಲ್ಲಿ ಸೇರಿದವರು 240. ಅಂತಿಮ ವರ್ಷದ ಪರೀಕ್ಷೆ ಬರೆದವರು 198. ಪಾಸಾದವರು 171. ನ್ಯಾಕ್ ಕೇಳುವುದು ಅಂತಿಮ ವರ್ಷದಲ್ಲಿ ಬರೆದವರಲ್ಲಿ ಪಾಸಾದವರೆಷ್ಟು ಎಂದು. ಆ ಲೆಕ್ಕದಲ್ಲಿ ನೂರಕ್ಕೆ 86. ಸೇರಿದವರಿಂದ ಲೆಕ್ಕ ಹಿಡಿದರೆ 71. ಮಧ್ಯದಲ್ಲಿ 42 ಮಂದಿ ಎಲ್ಲಿಗೋ ಹೋಗಿದ್ದಾರೆ. ಅವರು ಯಾಕೆ ಹೋದರು ಎಂದು ಕೇಳುವ ಒಂದು ಕಾಲಂ ಹುಡುಕಿದೆ, ಸಿಗಲಿಲ್ಲ. ಪ್ರಿನ್ಸಿಪಾಲರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ಕೇಳದೇ ಇರೋದನ್ನ ಯಾಕಮ್ಮ ನಾವಾಗೇ ಹೇಳೋದು? ಮೊದಲು ಎಸ್ಎಸ್ಆರ್ ಮುಗಿಸು" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಐಐಕ್ಯೂಎ, ಅಂದರೆ ಮೌಲ್ಯಮಾಪನಕ್ಕೆ ಮೊದಲು ಹಾಕುವ ಅರ್ಜಿ, ಒಪ್ಪಿಗೆಯಾದ ಮೇಲೆ ಎಸ್ಎಸ್ಆರ್ ಎಂಬ ಸ್ವಯಂ ಅಧ್ಯಯನ ವರದಿ ಸಲ್ಲಿಸಲು ಇದ್ದದ್ದು 45 ದಿನ. ಆ ಹಾಳೆಯನ್ನು ಬೀರುವಿನಲ್ಲಿಟ್ಟೆ.

ಡಿವಿವಿ, ಅಂದರೆ ದತ್ತಾಂಶ ಪರಿಶೀಲನೆಯ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅನುಭವಿಸಿದವರಿಗೆ ಗೊತ್ತು, ಅನುಭವಿಸದವರಿಗೆ ನಿದ್ದೆ ಬರುತ್ತದೆ. ವಿಸ್ತರಣಾ ಚಟುವಟಿಕೆ ಎಂದು ನಾವು ತೋರಿಸಿದ್ದ 14ರಲ್ಲಿ 5ನ್ನು ಹೊಡೆದುಹಾಕಿದರು. ಯೋಗ ದಿನ, ಆ ದಿನ, ಈ ದಿನ ಎಂದು ಕಾಲೇಜಿನೊಳಗೇ ಮಾಡಿದ ಆಚರಣೆಗಳವು. ಹೊಡೆದದ್ದು ಸರಿಯಾಗಿಯೇ ಇತ್ತು. ಅಷ್ಟು ಹೊತ್ತಿಗೆ ನಾವೇ ಅವನ್ನು ಸಮಾಜಸೇವೆ ಎಂದು ನಂಬಿಬಿಟ್ಟಿದ್ದೆವು.

ಪೀರ್ ಟೀಮ್ ಬಂದದ್ದು 2023ರ ಆಗಸ್ಟ್‌ನಲ್ಲಿ. ಮೂವರು, ಎರಡು ದಿನ, ಎಲ್ಲರೂ ಹೊರರಾಜ್ಯದವರು. ಅದಕ್ಕೂ ಮುಂಚಿನ ವಾರ ಕಾಲೇಜು ಮದುವೆ ಮನೆಯಂತಿತ್ತು. ಗೋಡೆಗೆ ಬಣ್ಣ, ಕುಂಡಗಳಲ್ಲಿ ಬಾಡಿಗೆ ಗಿಡ. ಒಂದು ಮಾತ್ರ ನಿಜವಾದ ಲಾಭ: ನಾಲ್ಕು ವರ್ಷದಿಂದ ಅರ್ಜಿ ಕೊಟ್ಟರೂ ಆಗದಿದ್ದ ಇಳಿಜಾರು ದಾರಿ ಹತ್ತು ದಿನದಲ್ಲಿ ಸಿದ್ಧವಾಯಿತು. ನಮ್ಮ ಬಿಎ ಹುಡುಗನೊಬ್ಬ ಅಲ್ಲಿಯವರೆಗೆ ಗೆಳೆಯರ ಭುಜ ಹಿಡಿದೇ ಮೆಟ್ಟಿಲು ಹತ್ತುತ್ತಿದ್ದ. ಈಗ ಗಾಲಿಕುರ್ಚಿಯಲ್ಲಿ ತಾನೇ ಬರುತ್ತಾನೆ. ಇದೊಂದಕ್ಕಾಗಿ ನ್ಯಾಕ್ ಪದ್ಧತಿಯನ್ನು ನಾನು ಪೂರ್ತಿ ಬೈಯಲಾರೆ.

ಮೊದಲ ದಿನ ಮಧ್ಯಾಹ್ನ ಗ್ರಂಥಾಲಯ. ಗ್ರಂಥಪಾಲಕರು ಹೊಸ ಪುಸ್ತಕಗಳನ್ನು ಮುಂದಿನ ಮೇಜಿನಲ್ಲಿ ಜೋಡಿಸಿದ್ದರು. ತಂಡದಲ್ಲಿದ್ದ ಹಿರಿಯ ಮಹಿಳೆ ಆ ಮೇಜನ್ನು ನೋಡಲೇ ಇಲ್ಲ. ನೇರ ಒಳಗಿನ ಕಪಾಟಿಗೆ ಹೋಗಿ, ಬೆನ್ನು ಮಾಸಿದ ಒಂದು ಪುಸ್ತಕ ಎಳೆದು ಕೊನೆಯ ಪುಟ ತೆರೆದರು. ಅಲ್ಲಿ ಅಂಟಿಸಿದ್ದ ದಿನಾಂಕದ ಚೀಟಿಯ ಮೇಲೆ ಬೆರಳಾಡಿಸಿದರು. ಕೊನೆಯ ಮುದ್ರೆ 2014ರದ್ದು. ಇನ್ನೊಂದು ತೆಗೆದರು, ಚೀಟಿ ಖಾಲಿ. ಮೂರನೆಯದು ಒಂದು ಪರೀಕ್ಷಾ ಗೈಡು, ಅದರಲ್ಲಿ ಚೀಟಿ ತುಂಬಿ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿತ್ತು. ಮೂರೂ ಪುಸ್ತಕವನ್ನು ಇದ್ದಲ್ಲೇ ಇಟ್ಟರು. ಏನೂ ಅನ್ನಲಿಲ್ಲ, ಬರೆದುಕೊಳ್ಳಲೂ ಇಲ್ಲ. ಗ್ರಂಥಾಲಯದ ಖರ್ಚುವೆಚ್ಚದ ಬಗ್ಗೆ ನಾನು 31 ಪುಟ ಅಪ್‌ಲೋಡ್ ಮಾಡಿದ್ದೆ. ಆ ತಾಯಿ ಒಂದು ನಿಮಿಷದಲ್ಲಿ ಓದಿದ್ದು ಅದರಲ್ಲಿ ಎಲ್ಲೂ ಇರಲಿಲ್ಲ. ಅಳೆಯುವುದು ಕಷ್ಟ ಎಂದು ನಾವು ಹೇಳುತ್ತೇವಲ್ಲ, ಗೊತ್ತಿರುವ ಕಣ್ಣಿಗೆ ಕಷ್ಟವಿಲ್ಲ. ಆದರೆ ಅಂಥ ಕಣ್ಣು ದೇಶದ ಸಾವಿರಾರು ಕಾಲೇಜಿಗೆ ಸಾಲುವುದಿಲ್ಲ. ಎಲ್ಲಾ ಕಣ್ಣೂ ಅಷ್ಟು ನೇರವೂ ಇರುವುದಿಲ್ಲ. ಅಂಕಿಸಂಖ್ಯೆ ಹುಟ್ಟಿಕೊಂಡದ್ದೇ ಆ ಅನುಮಾನದಿಂದ.

ಎರಡನೇ ದಿನ ಸಂಜೆ ಎಕ್ಸಿಟ್ ಮೀಟಿಂಗ್ ಮುಗಿಯಿತು. ಕೆಲವು ದಿನಗಳ ನಂತರ ಫಲಿತಾಂಶ ಬಂತು: 2.58, ಬಿ+. ಗೇಟಿಗೆ ಫ್ಲೆಕ್ಸ್ ಕಟ್ಟಿದೆವು, ಸಿಹಿ ಹಂಚಿದೆವು. ಬಿ ಇದ್ದದ್ದು ಬಿ+ ಆಯಿತು. ಐದು ವರ್ಷದಲ್ಲಿ ಕಾಲೇಜು ಒಂದು ಕೂಡುಚಿಹ್ನೆಯಷ್ಟು ಸುಧಾರಿಸಿತು ಎಂದು ಒಬ್ಬ ಕಿಡಿಗೇಡಿ ವಿದ್ಯಾರ್ಥಿ ಸ್ಟೇಟಸ್ ಹಾಕಿದ್ದ. ನನಗೆ ನಗು ಬಂತು, ಪ್ರಿನ್ಸಿಪಾಲರಿಗೆ ಬರಲಿಲ್ಲ.

ಈ ಗ್ರೇಡಿನ ಏಣಿಯನ್ನೇ ತೆಗೆಯುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿತು. ಇಸ್ರೋ ಅಧ್ಯಕ್ಷರಾಗಿದ್ದ ಕೆ. ರಾಧಾಕೃಷ್ಣನ್ ಅವರ ಸಮಿತಿ, ಮೊದಲಿಗೆ ಮಾನ್ಯತೆ ಇದೆ ಅಥವಾ ಇಲ್ಲ ಎನ್ನುವ ಎರಡೇ ವಿಂಗಡಣೆ ಸಾಕು, ಮುಂದೆ ಹೋಗುವವರಿಗೆ ಒಂದರಿಂದ ಐದರವರೆಗೆ ಹಂತಗಳಿರಲಿ ಎಂದು ಶಿಫಾರಸು ಮಾಡಿತು. ಫ್ಲೆಕ್ಸಿನ ಹುಚ್ಚು ಇದರಿಂದ ಕಡಿಮೆಯಾದೀತು, ಆಗಲಿ. ಆದರೆ ಹೌದು ಅಥವಾ ಇಲ್ಲ ಎನ್ನುವುದಕ್ಕೂ ಏನನ್ನಾದರೂ ಎಣಿಸಲೇಬೇಕಲ್ಲ, ಏನನ್ನು ಎನ್ನುವುದೇ ನನ್ನ ತಕರಾರು. 2016ರಿಂದ ಪ್ರತಿ ವರ್ಷ ಬರುವ ಕೇಂದ್ರ ಸರ್ಕಾರದ ಎನ್ಐಆರ್‌ಎಫ್ ಶ್ರೇಯಾಂಕದಲ್ಲಂತೂ ಜನಾಭಿಪ್ರಾಯಕ್ಕೂ ಅಂಕವಿದೆ, ಶಿಕ್ಷಣ ತಜ್ಞರು ಮತ್ತು ಉದ್ಯೋಗದಾತರ ಅಭಿಪ್ರಾಯ. ನಮ್ಮ ಕಾಲೇಜಿನ ಬಗ್ಗೆ ಖಚಿತ ಅಭಿಪ್ರಾಯ ಇರುವವರು ಬಸ್ ಕಂಡಕ್ಟರುಗಳು. ಅವರನ್ನು ಯಾರೂ ಕೇಳಿಲ್ಲ.

ತಮಾಷೆಗೆ ಹೇಳಿದ್ದಲ್ಲ. ಗಲಾಟೆಯೆಲ್ಲ ಮುಗಿದ ಮೇಲೆ ಬೀರುವಿನ ಹಾಳೆ ತೆಗೆದು, ಆ 42 ಮಂದಿಗೆ ಫೋನು ಮಾಡಲು ಶುರುಮಾಡಿದೆ. ಈ ಸಲ ಯಾರೂ ಕೇಳಿರಲಿಲ್ಲ, ಗಡುವೂ ಇರಲಿಲ್ಲ. ಸಿಕ್ಕವರು 27. ಅದರಲ್ಲಿ 11 ಮಂದಿ ಬೇರೆ ಕೋರ್ಸಿಗೋ ಬೇರೆ ಕಾಲೇಜಿಗೋ ಹೋಗಿ ಚೆನ್ನಾಗಿಯೇ ಓದಿಕೊಂಡಿದ್ದರು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ದುಃಖದ ಕಥೆ ಅರ್ಧಕ್ಕರ್ಧ ಅಲ್ಲೇ ಕುಸಿಯಿತು. 8 ಹುಡುಗಿಯರಿಗೆ ಮದುವೆಯಾಗಿತ್ತು. ಮೂವರು ಕಾರಣ ಹೇಳಲು ಇಷ್ಟಪಡಲಿಲ್ಲ. ಉಳಿದ ಐವರು ಹೇಳಿದ್ದು ಒಂದೇ ಮಾತು, ಒಬ್ಬರನ್ನೊಬ್ಬರು ಕೇಳಿಕೊಂಡವರಂತೆ: ಹಾಜರಾತಿ ಸಾಲಲಿಲ್ಲ, ಪರೀಕ್ಷೆಗೆ ಕೂರಿಸಲಿಲ್ಲ.

ಐವರೂ ಹುಡುಗಿಯರು, ಐವರೂ ಒಂದೇ ದಾರಿಯ ಮೂರು ಹಳ್ಳಿಯವರು. ಆ ಕಡೆಗೆ ಸಂಜೆಯ ಬಸ್ಸು ನಾಲ್ಕು ಹತ್ತಕ್ಕೆ, ಅದು ಬಿಟ್ಟರೆ ರಾತ್ರಿ ಏಳರದ್ದು. ನಮ್ಮ ಕೊನೆಯ ಪೀರಿಯಡ್ ಮುಗಿಯುತ್ತಿದ್ದದ್ದು ನಾಲ್ಕೂವರೆಗೆ. ಏಳರ ಬಸ್ಸಿಗೆ ಮನೆಯಲ್ಲಿ ಒಪ್ಪುವುದಿಲ್ಲ. ಹಾಗಾಗಿ ದಿನಾ ಕೊನೆಯ ಪೀರಿಯಡ್ ಬಿಟ್ಟು ಓಡುತ್ತಿದ್ದರು. ಕೊನೆಯ ಪೀರಿಯಡ್‌ನಲ್ಲಿ ಯಾವ ವಿಷಯ ಬರುತ್ತಿತ್ತೋ ಆ ವಿಷಯದಲ್ಲಿ ನೂರಕ್ಕೆ 75 ಹಾಜರಾತಿ ಆಗುತ್ತಿರಲಿಲ್ಲ. "ಯಾರಿಗಾದ್ರೂ ಹೇಳ್ಬೇಕಿತ್ತಲ್ಲಮ್ಮ" ಅಂದೆ ಒಬ್ಬಳಿಗೆ. "ನಿಮ್ಮ ಕ್ಲಾಸೇ ಮೇಡಂ ಅದು" ಅಂದಳು.

ನನಗೆ ಅವಳ ಮುಖ ನೆನಪಿಗೆ ಬರಲಿಲ್ಲ. ಹಳೆಯ ಹಾಜರಾತಿ ಪುಸ್ತಕ ತೆಗೆದು ನೋಡಿದೆ. ನನ್ನದೇ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ, ಸಾಲಿಗೆ ಸಾಲು 'ಗೈ' ಎಂದಿತ್ತು.

2024ರಿಂದ ವೇಳಾಪಟ್ಟಿ ಬದಲಾಗಿದೆ. ಊಟದ ವಿರಾಮ ಕಾಲು ಗಂಟೆ ಕಡಿಮೆ, ಬೆಳಗ್ಗೆ ಶುರುವಾಗುವುದು ಇಪ್ಪತ್ತೈದು ನಿಮಿಷ ಬೇಗ, ಸಂಜೆ ಮೂರು ಐವತ್ತಕ್ಕೆ ಎಲ್ಲ ಮುಗಿಯುತ್ತದೆ. ಬೆಳಗಿನ ಇಪ್ಪತ್ತೈದು ನಿಮಿಷಕ್ಕಾಗಿ ಸ್ಟಾಫ್ ಮೀಟಿಂಗಿನಲ್ಲಿ ಒಂದೂವರೆ ಗಂಟೆ ವಾದವಾಯಿತು. ಆ ನಡಾವಳಿಯನ್ನು ಅವತ್ತೇ ಬರೆದೆ, ಒಂದೇ ಪೆನ್ನಿನಲ್ಲಿ.

ವಾರ್ಷಿಕ ಗುಣಮಟ್ಟ ವರದಿ ತುಂಬುವಾಗ ಇದನ್ನು ಎಲ್ಲಿ ಸೇರಿಸುವುದು ಎಂದು ಹುಡುಕಿದೆ. ಏಳನೇ ಮಾನದಂಡದಲ್ಲಿ 'ಉತ್ತಮ ಆಚರಣೆಗಳು' ಎಂದಿದೆಯಲ್ಲ, ಅಲ್ಲಿ ಹಾಕಬಹುದು ಅನ್ನಿಸಿತು. ಎಫ್‌ಡಿಎ ಓದಿ ನೋಡಿ, "ಚೆನ್ನಾಗಿದೆ ಮೇಡಂ, ಜಿಯೋಟ್ಯಾಗ್ ಫೋಟೋ?" ಅಂದರು. ಮಾರನೆಯ ದಿನ ನಾಲ್ಕು ಗಂಟೆಗೆ ಫೋನ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ನಾಲ್ಕು ಹತ್ತರ ಬಸ್ಸು ಅವತ್ತು ಇಪ್ಪತ್ತು ನಿಮಿಷ ತಡವಾಗಿ ಬಂತು.